ಅಂಬಿಗಣ್ಣನ ಎಡಗಡೆ

ಆಫೀಸಿನಲ್ಲಿ ಅವನನ್ನು ಎಲ್ಲರೂ ಅಂಬಿಗಣ್ಣ ಎಂದೇ ಕರೆಯುತ್ತಿದ್ದರು. ಹಾಗಂತ ಹೊಳೆ, ದೋಣಿ, ಹುಟ್ಟು ಯಾವುದನ್ನೂ ಮುಟ್ಟಿದವನಲ್ಲ. ಈಜು ಬರುತ್ತಿತ್ತೇ ಎಂಬುದೂ ಅನುಮಾನ. ಅವನ ಕೆಲಸ ದಾಟಿಸುವುದು, ಅದಕ್ಕೇ ಆ ಹೆಸರು. ವಾಸ್ತುಶಿಲ್ಪಿಗಳು ತಮ್ಮ ಕಂಪ್ಯೂಟರಿನಲ್ಲಿ ಕಟ್ಟಡದ ಮಾಡೆಲ್ ಮಾಡುತ್ತಾರಲ್ಲ, ಗೋಡೆ, ಮೆಟ್ಟಿಲು, ಕಿಟಕಿ ಎಲ್ಲ ಇದ್ದೂ ಬೋಳುಬೋಳಾಗಿ ನಿಂತಿರುವಂಥದ್ದು, ಅದನ್ನು ತೋರಿಸಿದರೆ ದುಡ್ಡು ಹಾಕುವವನು ಆಕಳಿಸುತ್ತಾನೆ. ಅವನಿಗೆ ಬಿಸಿಲು ಬೇಕು, ನೆರಳು ಬೇಕು, ಗಾಜಿನಲ್ಲಿ ಮೋಡ ಕಾಣಬೇಕು, ಮರದ ಕೆಳಗೆ ಯಾರೋ ನಗುತ್ತ ನಡೆದು ಹೋಗಬೇಕು. ಅದನ್ನೆಲ್ಲ ಮಾಡುವ ಸಾಫ್ಟ್‌ವೇರ್ ಬೇರೆ. ಮಾಡೆಲನ್ನು ಆ ಸಾಫ್ಟ್‌ವೇರಿನಿಂದ ಎತ್ತಿ ಈ ಸಾಫ್ಟ್‌ವೇರಿಗೆ ತಂದು, ಫೋಟೋ ಹಿಡಿದಂತೆ ಚಿತ್ರ ಮಾಡಿಕೊಡುವುದು ಇವನ ಅನ್ನ.

ಇದರಲ್ಲೇನು ಮಹಾ, ಒಂದು ಬಟನ್ ಒತ್ತಿದರೆ ಆಯಿತಲ್ಲ ಎನ್ನುವ ಬುದ್ಧಿವಂತರಿದ್ದಾರೆ. ಅವರನ್ನು ಒಂದು ದಿನ ಅವನ ಕುರ್ಚಿಯಲ್ಲಿ ಕೂರಿಸಬೇಕು. ದಾಟುವಾಗ ಏನೇನು ಕಳೆದುಹೋಗುತ್ತದೆ, ಏನೇನು ಕೆಡುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಅಲ್ಲಿ ಬೆಳ್ಳಗಿದ್ದ ಗೋಡೆ ಇಲ್ಲಿ ಒಳಮೈ ಹೊರಮೈ ಅದಲುಬದಲಾಗಿ ಮಸಿ ಬಳಿದಂತೆ ಬರುತ್ತದೆ. ಮರಗಳಿದ್ದ ಕಡೆ ಖಾಲಿ ಪೆಟ್ಟಿಗೆಗಳು. ಅಡಿಯಲ್ಲಿ ಅಳೆದದ್ದನ್ನು ಇದು ಮೀಟರ್ ಎಂದು ಓದಿಕೊಂಡರೆ ಮುಗಿಯಿತು, ಎರಡಾಳೆತ್ತರದ ಕುರ್ಚಿ. ಅಂಬಿಗಣ್ಣ ಇದನ್ನೆಲ್ಲ ಒಂದೊಂದಾಗಿ ನೋಡಿ, ತಿರುಗಿಸಿ, ಬಣ್ಣ ಕಟ್ಟಿ, ಬೆಳಕು ಹಾಯಿಸುತ್ತಿದ್ದ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಅವನು ದಾಟಿಸಿದ ಫೈಲನ್ನು ಇನ್ನೊಬ್ಬರು ತೆರೆದು ನೋಡುವ ರೂಢಿಯೇ ಆಫೀಸಿನಲ್ಲಿರಲಿಲ್ಲ.

ಇನ್ನು ಷಡ್ಡಕನ ವಿಷಯ. ಮಾಡೆಲ್ ಮಾಡುವ ಆ ಸಾಫ್ಟ್‌ವೇರಿನಲ್ಲಿ ಹೊಸ ಫೈಲ್ ತೆರೆದ ಕೂಡಲೇ ಖಾಲಿ ಬಯಲಿನ ನಡುವೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಮನುಷ್ಯನೆಂದರೆ ರಟ್ಟಿನಲ್ಲಿ ಕತ್ತರಿಸಿದಂಥ ಚಪ್ಪಟೆ ಆಕೃತಿ. ಬಾಗಿಲು ಎಷ್ಟೆತ್ತರ, ಸೂರು ಎಷ್ಟೆತ್ತರ ಎಂದು ಅಂದಾಜು ಸಿಗಲಿ ಅಂತ ಕಂಪನಿಯವರೇ ನಿಲ್ಲಿಸಿದ್ದು. ಕರೆಯದೆ ಬಂದು, ಮನೆ ಕಟ್ಟಿ ಮುಗಿದರೂ ಹೋಗದೆ ಅಂಗಳದಲ್ಲೇ ನಿಂತಿರುವ ಈ ಆಸಾಮಿಗೆ ಆಫೀಸಿನವರು ಷಡ್ಡಕ ಎಂದು ಹೆಸರಿಟ್ಟಿದ್ದರು. ಮಾಡೆಲ್ ಬಂದ ಕೂಡಲೇ ಮೊದಲು ಅವನನ್ನು ಅಳಿಸುವುದು ಈ ಕಸುಬಿನ ಪ್ರತಿಯೊಬ್ಬರೂ ಕಲಿಯುವ ಮೊದಲ ಪಾಠ. ಚಿತ್ರ ಹೊರಗೆ ಹೋಗುವ ಮುಂಚೆ, “ಷಡ್ಡಕನ್ನ ಕಳಿಸಿದ್ರಾ?” ಅಂತ ಯಾರಾದರೂ ಕೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು.

ಊರಿನ ಹೊಸ ಲೈಬ್ರರಿಯ ಚಿತ್ರದಲ್ಲಿ ಷಡ್ಡಕ ಹೋಗಿರಲಿಲ್ಲ.

ಅದನ್ನು ಮೊದಲು ನೋಡಿದವರು ಊರಿನ ಜನ. ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟಡ ಏಳಬೇಕಾದ ಜಾಗದ ಮುಂದೆ, ಬಸ್ಸುಗಳು ತಿರುಗುವ ಮೂಲೆಯಲ್ಲಿ ನಿಲ್ಲಿಸಿದ್ದರು. ಬಿಸಿಲು ಸೊಗಸಾಗಿತ್ತು, ಗಾಜು ಸೊಗಸಾಗಿತ್ತು. ಎಡಗಡೆಯ ಅಂಚಿನಲ್ಲಿ ಮಾತ್ರ ಚಪ್ಪಟೆ ಮನುಷ್ಯನೊಬ್ಬ ಅರ್ಧ ಮೈ ಗೋಡೆಯೊಳಗೆ, ಅರ್ಧ ಮೈ ಹೊರಗೆ, ನೆರಳೂ ಇಲ್ಲದೆ, ಎರಡಾಳು ಎತ್ತರಕ್ಕೆ ನಿಂತಿದ್ದ. ಜನ ಫೋಟೋ ತೆಗೆದು ಹಂಚಿಕೊಂಡರು. ಪುಸ್ತಕ ಕದಿಯಲು ಹೋಗಿ ಗೋಡೆಗೆ ಸಿಕ್ಕಿಹಾಕಿಕೊಂಡವನು ಎಂದರು. ಎರಡನೆಯ ದಿನ ಬೋರ್ಡ್ ಇಳಿಸಬೇಕಾಯಿತು.

ಆಫೀಸಿನ ಯಜಮಾನಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅಂಬಿಗಣ್ಣನಿಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಹಿಂದೆ ಇವನ ಪಕ್ಕದಲ್ಲೇ ಕೂತು ಬೆಳಕು ಹಾಕುವುದನ್ನು ಕಲಿತವಳು. ಅವಳು ಕೂಗಾಡುವ ಜಾತಿಯಲ್ಲ. ಅವನನ್ನು ಒಳಗೆ ಕರೆದು, ಚಿತ್ರವನ್ನು ಪರದೆಯ ಮೇಲೆ ಹಾಕಿ, ಇದು ಹೇಗಾಯಿತು ಎಂದಷ್ಟೇ ಕೇಳಿದಳು. ಅಂಬಿಗಣ್ಣ ಪರದೆ ನೋಡಿದ. ಅವನಿಗೆ ಷಡ್ಡಕ ಕಾಣಲಿಲ್ಲ. ಎಲ್ಲಿ ಎಂದು ಕೇಳಲು ಬಾಯಿ ತೆರೆದವನು ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿದ. ಆಗ ಕಂಡ.

ಬಾಯಲ್ಲಿ ಬಂದದ್ದು ಬೇರೆ ಮಾತು. ಫೈಲ್ ದಾಟುವಾಗ ಮುಚ್ಚಿಟ್ಟಿದ್ದ ಒಂದು ಪದರ ತಾನಾಗಿ ತೆರೆದುಕೊಂಡಿರಬೇಕು, ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ಹೀಗಾಗುತ್ತಿದೆ ಎಂದ. ಮೇಡಂ ಹೌದೇನೋ ಎಂದು ತಲೆದೂಗಿದಳು. ಸಾಫ್ಟ್‌ವೇರಿನ ಮೇಲೆ ಗೂಬೆ ಕೂರಿಸುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ.

ಅವನಿಗೆ ಅನುಮಾನ ಮೊದಲೇ ಇತ್ತು ಎಂದರೆ ತಪ್ಪಾಗಲಾರದು. ಮೆಟ್ಟಿಲಿಳಿಯುವಾಗ ಎಡಭುಜ ಗೋಡೆಗೆ ಉಜ್ಜುತ್ತಿತ್ತು. ಕಾಫಿ ಲೋಟವನ್ನು ಯಾರೋ ಎಡಗಡೆ ಇಟ್ಟು ಹೋದರೆ ಮೊಣಕೈ ತಾಗಿ ಚೆಲ್ಲುತ್ತಿತ್ತು. ಹೆಂಡತಿ, “ನಿಮ್ಮ ಗ್ಯಾನ ಎಲ್ಲಿರುತ್ತೋ ಏನೋ” ಎಂದು ಬೈದು ಒರೆಸುತ್ತಿದ್ದಳು. ಪರದೆಯ ಮುಂದೆ ಕೂತರೆ ಮಾತ್ರ ಇದೊಂದೂ ಗೊತ್ತಾಗುತ್ತಿರಲಿಲ್ಲ. ಯಾಕೆಂದರೆ ಆ ಕೆಲಸದಲ್ಲಿ ಕುತ್ತಿಗೆ ತಿರುಗಿಸಬೇಕಾಗಿಯೇ ಇಲ್ಲ, ಕಟ್ಟಡವನ್ನೇ ತಿರುಗಿಸಬಹುದು. ಯಾವ ಮೂಲೆ ಬೇಕೋ ಅದನ್ನು ಎಳೆದು ಪರದೆಯ ನಡುವೆ, ಮೂಗಿನ ನೇರಕ್ಕೆ ತಂದು ಇಟ್ಟುಕೊಳ್ಳುತ್ತಿದ್ದ. ಹೀಗೆ ಎಷ್ಟು ಕಾಲದಿಂದ ನಡೆದಿತ್ತೋ ಅವನಿಗೂ ಗೊತ್ತಿಲ್ಲ.

ಅವನಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಚಿಕ್ಕ ಸ್ಕ್ರೂ ಎತ್ತಿ ಕೂರಿಸುತ್ತಿದ್ದ. ಎದ್ದು ನಡೆದರೆ ಸ್ಟೂಲಿಗೆ ಎಡವಿ ಬೀಳುತ್ತಿದ್ದ. ಅಷ್ಟು ಸಣ್ಣದು ಕಾಣುವವನಿಗೆ ಇಷ್ಟು ದೊಡ್ಡದು ಕಾಣುವುದಿಲ್ಲವೇ, ಬೇಕೆಂದೇ ಮಾಡುತ್ತಾನೆ ಎಂದು ಅಮ್ಮ ಸಿಡಿಮಿಡಿಗೊಳ್ಳುತ್ತಿದ್ದಳು. ಕೊನೆಗೆ ಸ್ಕ್ರೂ ಕೂಡ ಕಾಣದಾಯಿತು. ವಯಸ್ಸಾಯಿತು, ಕಣ್ಣು ಹೋಯಿತು ಎಂದುಕೊಂಡು ಎಲ್ಲರೂ ಸುಮ್ಮನಾದರು. ಆ ವಯಸ್ಸಾದರೂ ಏನು, ಐವತ್ತೆಂಟು. ಅಪ್ಪ ಇನ್ನೂ ಹತ್ತು ವರ್ಷ ಬದುಕಿದ್ದ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಯಾರು ಬಂದರೂ ಯಾರು ಅಂತ ಕೇಳುತ್ತ.

ಬೋರ್ಡ್ ಇಳಿಸಿದ ವಾರವೇ ಅಂಬಿಗಣ್ಣ ಯಾರಿಗೂ ಹೇಳದೆ ಕಣ್ಣಾಸ್ಪತ್ರೆಗೆ ಹೋದ. ಒಂದು ಯಂತ್ರದ ಮುಂದೆ ಗದ್ದ ಊರಿಸಿ, ನಡುವಿನ ಚುಕ್ಕಿಯನ್ನೇ ನೋಡುತ್ತಿರಿ, ಅಕ್ಕಪಕ್ಕ ಬೆಳಕು ಮಿಣುಕಿದಾಗಲೆಲ್ಲ ಬಟನ್ ಒತ್ತಿ ಎಂದರು. ಅವನು ಒತ್ತಿದ. ಆಮೇಲೆ ಬಹಳ ಹೊತ್ತು ಏನೂ ಮಿಣುಕಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಬೇಕೆನ್ನಿಸಿತು. ಯಂತ್ರ ಕೆಟ್ಟಿರಲಿಲ್ಲ. ಡಾಕ್ಟರು ಕಾಗದದ ಮೇಲೆ ಬಂದ ನಕ್ಷೆ ತೋರಿಸಿದರು: ಎಡಗಡೆಯೆಲ್ಲ ಕಪ್ಪು, ಬಲಗಡೆಯೂ ಅಂಚಿನಿಂದ ಕಪ್ಪಾಗುತ್ತ ಬಂದಿದೆ. ಇಪ್ಪತ್ತು ವರ್ಷ ಕಟ್ಟಡಗಳ ಮೇಲೆ ಬೆಳಕು ಹಾಯಿಸಿದವನಿಗೆ ಆ ಕಪ್ಪು ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಸಾಯುತ್ತ ಹೋಗುತ್ತದೆ, ನೋವಿಲ್ಲ, ಸದ್ದಿಲ್ಲ. ಹೋದದ್ದು ಬರುವುದಿಲ್ಲ, ದಿನವೂ ಹನಿ ಹಾಕಿಕೊಂಡರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅವನು ಅಪ್ಪನ ಬಗ್ಗೆ ಹೇಳಿದ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

“ಒಡಹುಟ್ಟಿದವರು ಇದ್ದಾರಾ? ಅವರ ಮಕ್ಕಳು? ಎಲ್ಲರನ್ನೂ ಕರ್ಕೊಂಡು ಬನ್ನಿ. ತಡ ಮಾಡ್ಬೇಡಿ. ಇದು ಅಕ್ಷರ ಓದಿಸಿ ನೋಡಿದ್ರೆ ಗೊತ್ತಾಗಲ್ಲ. ಈ ಯಂತ್ರದಲ್ಲೇ ನೋಡ್ಬೇಕು.”

ಆಗಲಿ ಸರ್ ಎಂದ.

ಅವನಿಗೆ ಮಕ್ಕಳಿಲ್ಲ. ಒಬ್ಬನೇ ತಮ್ಮ. ತಮ್ಮನಿಗೆ ಒಬ್ಬಳೇ ಮಗಳು. ಕಾಲೇಜು ಓದುವ ಹುಡುಗಿ, ಆದರೂ ಎಲ್ಲರ ಬಾಯಲ್ಲಿ ಇನ್ನೂ ಮಗು, ದೊಡ್ಡಪ್ಪ ಎಂದು ಕರೆಯುತ್ತ ಇವನ ಮನೆಯಲ್ಲೇ ಅರ್ಧ ಬೆಳೆದವಳು. ಅವಳಿಗೆ ಜ್ವರ ಬಂದರೆ ಅವಳಪ್ಪನಿಗಿಂತ ಮೊದಲು ಇವನ ಕೈಕಾಲು ತಣ್ಣಗಾಗುತ್ತಿದ್ದವು. ಇನ್ನು ತಮ್ಮನ ಕೆಲಸ ಏನು ಅಂತೀರಿ? ಡ್ರೈವರ್. ಮೇಡಂ ಕಾರು ಓಡಿಸುವ ಕೆಲಸ. ಅದನ್ನು ಕೊಡಿಸಿದವನೂ ಇದೇ ಅಂಬಿಗಣ್ಣ. ನನ್ನ ತಮ್ಮ ಮೇಡಂ, ಕಣ್ಣು ಮುಚ್ಚಿ ನಂಬಬಹುದು ಎಂದು ಹೇಳಿ.

ಈಗ ನೋಡಿ ಅವನ ಫಜೀತಿ. ತಮ್ಮನಿಗೆ ಹೇಳಿದರೆ ತಮ್ಮ ಪರೀಕ್ಷೆಗೆ ಹೋಗುತ್ತಾನೆ. ಅವನಿಗೂ ಇದ್ದರೆ ಕಾರಿನ ಕೀಲಿ ಮೇಡಂ ಮೇಜಿನ ಮೇಲಿಡಬೇಕಾಗುತ್ತದೆ. ಯಾಕೆ ಎಂದು ಅವಳು ಕೇಳುತ್ತಾಳೆ. ಅವನು ಹೇಳುತ್ತಾನೆ, ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅಲ್ಲಿಗೆ ಷಡ್ಡಕ ಹೇಗೆ ಉಳಿದ ಎಂಬುದು ಮೇಡಂಗೆ ತಿಳಿಯುತ್ತದೆ. ಹಿಂದೊಮ್ಮೆ ಮಣಿಕಟ್ಟಿನ ನೋವು ಎಂದು ಬಾಯಿಬಿಟ್ಟ ಒಬ್ಬನಿಗೆ ಮೇಡಂ ಬಹಳ ಮರ್ಯಾದೆಯಿಂದ ವಿಶ್ರಾಂತಿ ತೆಗೆದುಕೊಳ್ಳಿ ಎಂದಿದ್ದಳು. ಅವನು ವಿಶ್ರಾಂತಿ ಮುಗಿಸಿ ಬಂದಾಗ ಅವನ ಕುರ್ಚಿಯಲ್ಲಿ ಬೇರೆಯವನಿದ್ದ. ಚಿತ್ರ ಮಾಡುವ ಆಫೀಸಿನಲ್ಲಿ ಕಣ್ಣು ಹೋದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಒಂದೇ ಏಟಿಗೆ ಎರಡು ಮನೆಯ ಒಲೆ ಆರುತ್ತದೆ ಎಂದು ಅವನು ಲೆಕ್ಕ ಹಾಕಿದ. ತಮ್ಮನಿಗೆ ಇದ್ದೇ ತೀರಬೇಕು ಅಂತೇನಿಲ್ಲವಲ್ಲ ಎಂದೂ ಅಂದುಕೊಂಡ. ಕೈಯಲ್ಲಿರುವ ಈ ಕೆಲಸ ಒಂದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಆ ಆಫೀಸಿನಲ್ಲಿ ಕೈಯಲ್ಲಿ ಒಂದು ಕೆಲಸ ಇಲ್ಲದ ದಿನ ಯಾವತ್ತಿತ್ತು?

ಮುಚ್ಚಿಡುವುದು ಕಷ್ಟವೇನೂ ಆಗಲಿಲ್ಲ. ದಿನವಿಡೀ ಪರದೆ ನೋಡಿ ಕಣ್ಣು ಒಣಗುತ್ತದೆಂದು ಆಫೀಸಿನಲ್ಲಿ ಎಲ್ಲರೂ ಹನಿ ಹಾಕಿಕೊಳ್ಳುವವರೇ. ಇವನ ಬಾಟಲಿಯ ಮೇಲೆ ಏನು ಬರೆದಿದೆ ಎಂದು ಓದುವ ಉಸಾಬರಿ ಯಾರಿಗಿದೆ? ಹೆಂಡತಿಗೂ ಅದನ್ನೇ ಹೇಳಿದ. ಕೆಲಸದಲ್ಲಿ ಹೊಸ ಅಭ್ಯಾಸ ಮಾಡಿಕೊಂಡ. ಮಾಡೆಲ್ ದಾಟಿಸಿದ ಮೇಲೆ ಮೊದಲು ನಡುವಿನಿಂದ ನೋಡಿ, ಆಮೇಲೆ ಇಡೀ ಕಟ್ಟಡವನ್ನು ಬಲಕ್ಕೆ ಸರಿಸಿ ಎಡಗಡೆಯನ್ನು ಮುಂದೆ ತಂದು ನೋಡುವುದು, ಆಮೇಲೆ ಎಡಕ್ಕೆ ಸರಿಸಿ ಬಲಗಡೆಯನ್ನು. ಚಿತ್ರ ಸಿದ್ಧವಾದ ಮೇಲೆ ಅದನ್ನು ತುಂಡುತುಂಡಾಗಿ ದೊಡ್ಡದು ಮಾಡಿ ಹುಡುಕುವುದು. ಕೆಲಸ ನಿಧಾನವಾಯಿತು, ಆದರೆ ತಪ್ಪು ಒಂದೂ ಬರಲಿಲ್ಲ. ಇತ್ತೀಚೆಗೆ ಅಂಬಿಗಣ್ಣನ ಚಿತ್ರಗಳು ಇನ್ನೂ ಚೊಕ್ಕವಾಗಿವೆ ಎಂದು ಮೇಡಂ ನಾಲ್ಕು ಜನರ ಮುಂದೆ ಹೊಗಳಿದಳು. ಅವನಿಗೆ ಆ ಹೊಗಳಿಕೆ ಮುಳ್ಳಿನ ಹಾಗೆ ಚುಚ್ಚಿತು.

ಒಂದು ಮಧ್ಯಾಹ್ನ ತಮ್ಮ ಬೆವರೊರೆಸಿಕೊಳ್ಳುತ್ತ ಮೇಲೆ ಬಂದ. ಕೆಳಗೆ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವಾಗ ಎಡಗಡೆಯನ್ನು ಕಂಬಕ್ಕೆ ಉಜ್ಜಿ, ಕನ್ನಡಿ ಮುರಿದುಕೊಂಡಿದ್ದ. ಹೊಸ ಕಂಬವೇನಲ್ಲ, ನಾಲ್ಕು ವರ್ಷದಿಂದ ದಿನಾ ಅದರ ಪಕ್ಕದಲ್ಲೇ ಕಾರು ನಿಲ್ಲಿಸುತ್ತಿದ್ದವನು.

“ಎಲ್ಲಿಂದ ಬಂತೋ ಅಣ್ಣ ಆ ಕಂಬ, ನನ್ನ ಆಯಸ್ಸಿಗೆ ಬಂದ ಹಾಗೆ ಬಂತು,” ಎಂದು ನಕ್ಕ.

ಆಫೀಸಿನವರೂ ನಕ್ಕರು. ಕಂಬ ನಡೆದು ಬಂದಿರಬೇಕು, ಪಾಪ ಅದಕ್ಕೂ ಬೇಜಾರಾಗಿರಬೇಕು ಎಂದು ಯಾರೋ ಕಾಲೆಳೆದರು. ಅಂಬಿಗಣ್ಣ ನಗಲಿಲ್ಲ. ಅವನ ಮುಂದಿದ್ದ ಪರದೆಯಲ್ಲಿ ಯಾವುದೋ ಮನೆಯ ಹಜಾರಕ್ಕೆ ಸಂಜೆಯ ಬಿಸಿಲು ಬೀಳುತ್ತಿತ್ತು. ಆ ಬಿಸಿಲನ್ನೇ ನೋಡುತ್ತ ಕೂತ. ತಮ್ಮನಿಗೂ ಎಡಗಡೆಯೇ. ಇನ್ನು ಅನುಮಾನ ಎಂಬ ಊರುಗೋಲೂ ಅವನಿಗೆ ಉಳಿಯಲಿಲ್ಲ.

ಆ ದಿನ ಹೇಳಿಯೇ ಬಿಡುತ್ತೇನೆಂದು ಎದ್ದ. ತಮ್ಮನನ್ನು ಕರೆದುಕೊಂಡು ರಸ್ತೆಯಾಚೆಯ ಅಂಗಡಿಗೆ ಹೋಗಿ ಚಹಾ ಹೇಳಿದ. ತಮ್ಮ, ಮೇಡಂ ಹೊಸ ಕಾರು ಕೊಳ್ಳುತ್ತಾಳಂತೆ, ನನಗೇ ಬಣ್ಣ ಆರಿಸು ಅಂದಿದ್ದಾಳೆ ಎಂದು ಹಿಗ್ಗಿ ಹಿಗ್ಗಿ ಹೇಳುತ್ತಿದ್ದ. ಕೆಂಪು ತಗೊಂಡರೆ ಮಣ್ಣು ಕಾಣುತ್ತದೆ, ಬಿಳಿ ತಗೊಂಡರೆ ಆಂಬುಲೆನ್ಸ್ ಎನ್ನುತ್ತಾರೆ ಅಂತ ಅವನ ಚಿಂತೆ. ಕೊನೆಗೆ ಅಂಬಿಗಣ್ಣ ಲೋಟ ಕೆಳಗಿಡುತ್ತ, ಏನೋ ನೆನಪಾದವನಂತೆ, ನಿನಗೂ ನಲವತ್ತು ದಾಟಿತು, ಒಂದು ಸಲ ಕಣ್ಣು ತೋರಿಸಿಕೋ ಎಂದ. ಅಷ್ಟೇ. ಅಪ್ಪನ ಹೆಸರೆತ್ತಲಿಲ್ಲ, ಕಾಯಿಲೆಯ ಹೆಸರೆತ್ತಲಿಲ್ಲ, ಎಲ್ಲಿ ತೋರಿಸಬೇಕು ಎಂದೂ ಹೇಳಲಿಲ್ಲ. ಅರ್ಧ ಹೇಳಿದ್ದೇ ದೊಡ್ಡ ಭಾರ ಇಳಿಸಿದಂತೆ ಅವನಿಗೆ ಅನ್ನಿಸಿತು.

ತಮ್ಮ ಅಣ್ಣನ ಮಾತು ಮೀರಿದವನಲ್ಲ. ಮರುದಿನವೇ ಮನೆಯ ಹತ್ತಿರದ ಕನ್ನಡಕದ ಅಂಗಡಿಗೆ ಹೋಗಿ ತೋರಿಸಿಕೊಂಡ. ಸಂಜೆ ಹಲ್ಲು ಕಿರಿಯುತ್ತ ಬಂದ.

“ಕೊನೇ ಸಾಲು ಪೂರ್ತಿ ಓದ್ದೆ ಅಣ್ಣ. ಅಂಗಡಿಯವನೇ ಸುಸ್ತು. ಹದ್ದಿನ ಕಣ್ಣು ಅಂದ.”

“ಒಳ್ಳೇದಾಯ್ತು ಬಿಡು,” ಎಂದ ಅಂಬಿಗಣ್ಣ.

ಈ ಕತೆ ಹೇಳುವ ನನಗೆ ಸಿಟ್ಟು ಬರುವುದು ಇಲ್ಲಿಯೇ. ಕಂಬದ ದಿನ ಹೇಳದಿದ್ದದ್ದನ್ನು ಬೇಕಾದರೆ ಹೆದರಿಕೆ ಎನ್ನೋಣ, ಮನುಷ್ಯ ಹೆದರುತ್ತಾನೆ. ಆದರೆ ಅಕ್ಷರ ಓದಿದರೆ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಕಿವಿಯಲ್ಲಿ ಮೊಳೆ ಹೊಡೆದಂತೆ ಹೇಳಿದ್ದರು. ತಾನೂ ಕೊನೆಯ ಸಾಲು ಓದಬಲ್ಲೆ ಎಂದು ಇವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಳ್ಳೇದಾಯ್ತು ಎಂದ. ಅವತ್ತಿನಿಂದ ತಮ್ಮ ಎಲ್ಲರ ಹತ್ತಿರವೂ ತನಗೆ ಹದ್ದಿನ ಕಣ್ಣು ಎಂದು ಹೇಳಿಕೊಂಡು ಓಡಾಡಿದ, ಮೊದಲಿಗಿಂತ ಧೈರ್ಯವಾಗಿ ಗಾಡಿ ಓಡಿಸಿದ.

ಆಮೇಲಿನ ತಿಂಗಳುಗಳು ಹೇಗೆ ಕಳೆದವೋ ಅಂಬಿಗಣ್ಣನಿಗೇ ಗೊತ್ತು. ತಮ್ಮ ಕಾರು ಹೊರಡಿಸುವ ಸದ್ದು ಕೇಳಿದರೆ ಕಿಟಕಿಗೆ ಹೋಗಿ ನಿಲ್ಲುತ್ತಿದ್ದ, ತಿರುಗಿ ಬಂದ ಸದ್ದು ಕೇಳುವವರೆಗೂ ಕೈ ಕೆಲಸಕ್ಕೆ ಓಡುತ್ತಿರಲಿಲ್ಲ. ಹುಡುಗಿ ರಜೆಯ ದಿನ ಬಂದು ಇವನ ಪಕ್ಕದಲ್ಲಿ ಕೂತರೆ, ಸುಮ್ಮನೆ ಕೈ ಎತ್ತಿ ಅವಳ ಕಿವಿಯ ಹತ್ತಿರ ಬೆರಳು ಆಡಿಸಿ ನೋಡುತ್ತಿದ್ದ. ಏನು ದೊಡ್ಡಪ್ಪ ಇದು ಎಂದು ಅವಳು ಬೆರಳು ಹಿಡಿದುಕೊಂಡು ನಗುತ್ತಿದ್ದಳು. ಹಿಡಿದುಕೊಂಡಳಲ್ಲ, ಹಾಗಾದರೆ ಕಾಣುತ್ತದೆ ಎಂದು ಇವನಿಗೆ ಸಮಾಧಾನ. ದೊಡ್ಡ ಯಂತ್ರದಲ್ಲಿ ಆಗಬೇಕಾದ ಪರೀಕ್ಷೆಯನ್ನು ಬೆರಳಿನಲ್ಲಿ ಮಾಡಿ ಮುಗಿಸುತ್ತಿದ್ದ, ಪ್ರತಿ ಸಲವೂ.

ಹೊಸ ಕಾರು ಬಂತು. ಬೂದಿ ಬಣ್ಣದ್ದು. ಬಂದ ತಿಂಗಳಲ್ಲೇ ಒಂದು ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ಮೇಡಂ ಆಫೀಸಿಗೆ ಫೋನ್ ಮಾಡಿದಳು. ಗುರುತು ಸಿಗದಷ್ಟು ದನಿ ಒಡೆದಿತ್ತು.

ಗಿರಾಕಿಯ ಮನೆಯಿಂದ ಬರುತ್ತಿದ್ದರಂತೆ. ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ ತಿರುಗಬೇಕು. ರಸ್ತೆ ಅಗಲವಾಗಿದೆ, ಬಿಸಿಲಿತ್ತು, ಜನವೂ ಹೆಚ್ಚಿರಲಿಲ್ಲ. ಎಡಗಡೆ ಕಾರಿನ ಪಕ್ಕದಲ್ಲೇ ಒಬ್ಬ ಹೆಂಗಸು ಸೈಕಲ್ಲಿನಲ್ಲಿ ನೇರ ಹೋಗುತ್ತಿದ್ದಳು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು, ಎರಡನೇ ಪಾಳಿಗೆ ಹೊರಟಿದ್ದಳು ಎಂದು ಆಮೇಲೆ ತಿಳಿಯಿತು. ತಮ್ಮ ಅವಳ ಮೇಲೆಯೇ ಕಾರು ತಿರುಗಿಸಿದ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಅವಳು ತೀರಿಕೊಂಡಳು.

“ನಾನು ಅವಳನ್ನ ನೋಡ್ತಾ ಇದ್ದೆ ಅಂಬಿಗಣ್ಣ,” ಎಂದಳು ಮೇಡಂ. “ಅವನೂ ನೋಡಿರ್ತಾನೆ ಅಂದ್ಕೊಂಡೆ. ಫೋನ್ ಮುಟ್ಟಿರ್ಲಿಲ್ಲ, ತೂಕಡಿಸ್ತಿರ್ಲಿಲ್ಲ. ಬ್ರೇಕೇ ಹಾಕ್ಲಿಲ್ಲ ನೋಡಿ, ಅಲ್ಲಿ ಯಾರೂ ಇಲ್ವೇನೋ ಅನ್ನೋ ಹಾಗೆ ತಿರುಗಿಸ್ದ.”

ಅಂಬಿಗಣ್ಣ ಫೋನ್ ಇಟ್ಟ. ಎದ್ದು ನೇರ ಪೊಲೀಸ್ ಠಾಣೆಗೆ ಹೋದ.

ಠಾಣೆಯ ಹಿತ್ತಲಿನಲ್ಲಿ ಸಿಮೆಂಟಿನ ಬೆಂಚಿನ ಮೇಲೆ ತಮ್ಮನನ್ನು ಕೂರಿಸಿದ್ದರು. ಅಂಗಿಯ ತೋಳಿನ ಮೇಲೆ ರಕ್ತ ಒಣಗಿತ್ತು. ಅವಳನ್ನು ಎತ್ತಿ ಕಾರಿಗೆ ಹಾಕಿದವನು ಅವನೇ. ಅಣ್ಣನನ್ನು ಕಂಡದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ. ಚಿಕ್ಕವನಿದ್ದಾಗ ಬಿದ್ದು ಬಂದರೂ ಹೀಗೆಯೇ ಹಿಡಿದುಕೊಳ್ಳುತ್ತಿದ್ದ.

“ಅಣ್ಣ, ಅವಳು ಎಲ್ಲಿಂದ ಬಂದ್ಲು? ನಾನು ನೋಡೇ ತಿರುಗಿಸಿದ್ದು. ರಸ್ತೆ ಖಾಲಿ ಇತ್ತು. ನನ್ನ ಕಣ್ಣಾಣೆಗೂ ಖಾಲಿ ಇತ್ತು.” ಸ್ವಲ್ಪ ತಡೆದು, “ನಾನೇ ಎಚ್ಚರ ತಪ್ಪಿರ್ಬೇಕು. ಹಾಗಂತ ಬರೆಸ್ತೀನಿ. ಏನು ಶಿಕ್ಷೆ ಕೊಡ್ತಾರೋ ಕೊಡ್ಲಿ,” ಎಂದ.

ಅಂಬಿಗಣ್ಣ ಅವನನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಕೂತ. ಇನ್ನೂ ಸುಮ್ಮನಿದ್ದು ಬಿಡಬಹುದಿತ್ತು. ಬಿಡುತ್ತಾನೇನೋ ಎಂದು ಅವನಿಗೇ ತನ್ನ ಮೇಲೆ ಹೆದರಿಕೆಯಾಯಿತು. ಆ ಹೆದರಿಕೆಗೇ ಇರಬೇಕು, ಬಾಯಿ ತೆರೆದ.

“ರಸ್ತೆ ಖಾಲಿ ಇರ್ಲಿಲ್ಲ ಕಣೋ. ನಿನಗೆ ಕಾಣ್ಲಿಲ್ಲ. ನನಗೂ ಎಡಗಡೆ ಕಾಣಲ್ಲ. ಇದು ಅಪ್ಪನ ಕಾಯಿಲೆ. ಅಪ್ಪನಿಂದ ನಮಗೆ ಬಂದಿದೆ.”

ಆಮೇಲೆ ಉಳಿದದ್ದನ್ನೂ ಹೇಳಿದ. ಯಂತ್ರ, ಕಪ್ಪು ನಕ್ಷೆ, ಹನಿ, ಡಾಕ್ಟರು ಹೇಳಿದ ಮಾತು, ಇಬ್ಬರ ಕೆಲಸವೂ ಹೋದೀತೆಂಬ ಹೆದರಿಕೆ. ತಮ್ಮ ಅಡ್ಡ ಬಾಯಿ ಹಾಕದೆ ಕೇಳಿದ. ಕೈ ಮಾತ್ರ ನಿಧಾನಕ್ಕೆ ಬಿಡಿಸಿಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡ.

“ನಿನಗೆ ಯಾವಾಗ ಗೊತ್ತಾಯ್ತು?”

“ಲೈಬ್ರರಿ ಬೋರ್ಡ್ ಇಳಿಸಿದ್ರಲ್ಲ, ಆವಾಗ.”

“ನಾನು ಕಂಬಕ್ಕೆ ಉಜ್ಜಿದ್ನಲ್ಲ, ಅದಕ್ಕೂ ಮುಂಚೆನಾ?”

“ಮುಂಚೆ.”

“ಕಣ್ಣು ತೋರಿಸ್ಕೋ ಅಂದ್ಯಲ್ಲ. ಅದಕ್ಕೇ ಅಂದಿದ್ದಾ?”

“ಹೂಂ.”

“ಅಕ್ಷರ ಓದಿ ಬಂದ್ನಲ್ಲ. ಅದು ಸಾಲಲ್ಲ ಅಂತ ಗೊತ್ತಿತ್ತಾ?”

ಅಂಬಿಗಣ್ಣ ನೆಲ ನೋಡಿದ. ಗೊತ್ತಿತ್ತು ಎಂದ.

ತಮ್ಮ ಕೂಗಾಡಬಹುದು, ಹೊಡೆಯಬಹುದು ಎಂದು ಇವನು ಕಾದ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಬಹಳ ಸಲ ಅನ್ನಿಸಿತಂತೆ. ತಮ್ಮ ತೋಳಿನ ಮೇಲಿನ ರಕ್ತದ ಕಲೆಯನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ. ಒಳಗೆ ಯಾರೋ ಫೋನಿನಲ್ಲಿ ಸತ್ತವಳ ಮನೆಯವರಿಗೆ ದಾರಿ ಹೇಳುತ್ತಿದ್ದರು, ಟ್ಯಾಂಕಿನಿಂದ ಮುಂದೆ ಬನ್ನಿ, ಬಲಕ್ಕೆ ತಿರುಗಿ ಎಂದು.

“ಮಗೂನ ತೋರಿಸಿದ್ಯಾ?” ಎಂದ ತಮ್ಮ.

ಅಂಬಿಗಣ್ಣ ಕೈ ಚಾಚಿದ, ತಮ್ಮ ಸರಿದು ಕೂತ.

“ನನ್ನ ಬಿಡು. ನಾನು ಕೆಲಸ ಕಳ್ಕೋತೀನಿ ಅಂತ ಹೇಳ್ಲಿಲ್ಲ, ನಿನ್ನ ಕೆಲಸ ಹೋಗುತ್ತೆ ಅಂತ ಹೇಳ್ಲಿಲ್ಲ. ಆಯ್ತು. ಮಗೂನಾದ್ರೂ ಕರ್ಕೊಂಡು ಹೋಗಿ ತೋರಿಸಿದ್ಯಾ, ಇಲ್ವಾ?”

“ಇಲ್ಲ.”

ತಮ್ಮ ತಲೆಯಾಡಿಸಿದ. ಅಷ್ಟೇ ಕೇಳಬೇಕಾಗಿತ್ತು ಎನ್ನುವವನಂತೆ ಎದ್ದು ನಿಂತ. ನಾನೇ ಒಳಗೆ ಬಂದು ಎಲ್ಲ ಹೇಳುತ್ತೇನೆ, ಡಾಕ್ಟರ ಹತ್ತಿರ ಕಾಗದ ತರುತ್ತೇನೆ, ಮಗುವನ್ನು ಇವತ್ತೇ ಕರೆದುಕೊಂಡು ಹೋಗುತ್ತೇನೆ ಎಂದು ಅಂಬಿಗಣ್ಣ ಒಂದೇ ಉಸಿರಿಗೆ ಹೇಳುತ್ತ ಹಿಂದೆಯೇ ಹೋದ. ತಮ್ಮ ತಿರುಗಿ ನೋಡಲಿಲ್ಲ. ಅವಳನ್ನು ಅವಳಮ್ಮ ಕರೆದುಕೊಂಡು ಹೋಗುತ್ತಾಳೆ ಎಂದಷ್ಟೇ ಹೇಳಿದ.

ಬಾಗಿಲಲ್ಲಿ ಪೊಲೀಸಿನವನೊಬ್ಬ ಹೇಳಿಕೆ ಬರೆದುಕೊಳ್ಳಲು ತಮ್ಮನನ್ನು ಕರೆಯಲೆಂದೇ ಬಂದಿದ್ದ. ತಮ್ಮನ ಹಿಂದೆ ಎಡಕ್ಕೆ ನಿಂತಿದ್ದ ಅಂಬಿಗಣ್ಣನನ್ನು ನೋಡಿ, ಒಳಗೆ ಮನೆಯವರನ್ನು ಬಿಟ್ಟರೆ ಬೇರೆಯವರು ಬರುವ ಹಾಗಿಲ್ಲ ಎಂದ. ಆಮೇಲೆ ತಮ್ಮನನ್ನು ಕೇಳಿದ:

“ಇವರು ನಿಮಗೇನಾಗ್ಬೇಕು?”

ತಮ್ಮ ಅಣ್ಣನ ಕಡೆ ಒಮ್ಮೆ ತಿರುಗಿದ. ಎಡಗಡೆ ನಿಂತವನು ಕಾಣಲಿ ಅಂತ ಕುತ್ತಿಗೆಯನ್ನು ಪೂರ್ತಿ ತಿರುಗಿಸಿ, ನೇರವಾಗಿ ಮುಖ ನೋಡಿದ.

“ಏನೂ ಆಗ್ಬೇಕಿಲ್ಲ,” ಎಂದ. “ನಾನು ಕೆಲಸ ಮಾಡೋ ಆಫೀಸಿನವರು.”

ಹಾಗಾದರೆ ಹೊರಗೆ ಕೂತಿರಿ ಎಂದು ಪೊಲೀಸಿನವನು ಬಾಗಿಲು ಹಾಕಿಕೊಂಡ.